ರಾಂಗ್ ಝಾಲ್

ನನ್ನ ಮಗಳಿಗೆ ಹಾಡು ತಿಳಿಯುವುದು ಅಂಗಾಲಿನಿಂದ. ಮೂರು ವರ್ಷದವಳಿದ್ದಾಗ ಬಂದ ಒಂದು ಜ್ವರ ಅವಳ ಎರಡೂ ಕಿವಿಗಳನ್ನು ಹೆಚ್ಚುಕಡಿಮೆ ಮುಗಿಸಿಯೇ ಹೋಯಿತು. ಕಿವಿಯ ಮಿಷನ್ನು ಹಾಕಿಕೊಂಡು ಎದುರಿಗೆ ಕೂತರೆ ಮಾತು ಅಷ್ಟಿಷ್ಟು ಸಿಗುತ್ತದೆ, ಉಳಿದದ್ದನ್ನು ತುಟಿ ನೋಡಿ ಕೂಡಿಸಿಕೊಳ್ಳುತ್ತಾಳೆ. ಹಾಡಿನ ವಿಷಯದಲ್ಲಿ ಮಾತ್ರ ಆ ಮಿಷನ್ನಿನಿಂದ ಉಪಯೋಗವಿಲ್ಲ. ಎಲ್ಲ ಕಲಸಿಹೋಗಿ ಬರೀ ಗದ್ದಲವಾಗುತ್ತದಂತೆ. ಹಾಗಾಗಿ ಕುಣಿಯುವ ಹೊತ್ತಿಗೆ ಅದನ್ನು ಬಿಚ್ಚಿ ನನ್ನ ಕೈಗೆ ಕೊಡುತ್ತಾಳೆ.

ಅವಳಿಗೆ ಐದು ತುಂಬಿದಾಗ ನಮಗೆ ಕೋಲ್ಕತ್ತೆಗೆ ವರ್ಗವಾಯಿತು. ಇಲ್ಲಿ ಮಾತು ಕಲಿಸಲು ಬರುತ್ತಿದ್ದಾಕೆ ಮೊದಲ ದಿನವೇ ಹೇಳಿದರು, ಮನೆಯಲ್ಲಿ ಒಂದೇ ಭಾಷೆ ಇರಲಿ, ಯಾವುದಾದರೂ ಸರಿ, ಮಗುವಿನ ತಲೆ ಕೆಡಿಸಬೇಡಿ ಎಂದು. ನನ್ನ ಗಂಡ ಇಂಗ್ಲಿಷ್ ಎಂದರು, ಶಾಲೆಗೆ ಅನುಕೂಲ ಎಂಬ ಲೆಕ್ಕ. ನಾನು ಒಪ್ಪಲಿಲ್ಲ. ಭಾಷಾಭಿಮಾನ ಅಂತ ಯಾರಾದರೂ ಹೊಗಳಿದರೆ ಬೇಡ ಅನ್ನುವುದಿಲ್ಲ, ಆದರೆ ನಿಜ ಬೇರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬೈಯಲು ಬರುವುದು ಕನ್ನಡ ಒಂದೇ. ಮಗಳನ್ನು ಬೈಯದೆ ಬೆಳೆಸುವುದು ನನ್ನಿಂದಾಗದ ಕೆಲಸ. ಹೀಗೆ ಬೆಹಾಲಾದ ಒಂದು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ತನ್ನದೇ ದಪ್ಪ ದನಿಯಲ್ಲಿ, ಧಾರವಾಡದ ಕನ್ನಡ ಆಡುವ ಹುಡುಗಿಯೊಬ್ಬಳು ತಯಾರಾದಳು. ನಡುನಡುವೆ ಬಂಗಾಳಿ ತಿಂಡಿಗಳ ಹೆಸರು ಬೀಳುತ್ತವೆ, ಅಷ್ಟೇ.

ಡಬ್ಬಿ ಬಂದದ್ದು ಅವಳಿಗೆ ಒಂಬತ್ತು ವರ್ಷವಾಗಿದ್ದಾಗ. ಇಲ್ಲಿಯದೇ ಕಸ್ಬಾ ಬಡಾವಣೆಯಲ್ಲಿದ್ದ ನನ್ನವರ ಸಹೋದ್ಯೋಗಿಯೊಬ್ಬರು ಊರು ಬಿಡುವಾಗ, ಸಾಗಿಸುವುದು ಕಷ್ಟವೆಂದು ತಮ್ಮ ಮ್ಯೂಸಿಕ್ ಸಿಸ್ಟಮ್ ನಮಗೆ ಕೊಟ್ಟು ಹೋದರು. ಒಂದು ಆಂಪ್ಲಿಫೈಯರ್, ಎರಡು ಪುಟ್ಟ ಸ್ಪೀಕರು, ಜೊತೆಗೆ ಮೊಣಕಾಲೆತ್ತರದ ಕರಿಯ ಮರದ ಪೆಟ್ಟಿಗೆ. ಇದೇ ಸಬ್‌ವೂಫರ್. ತಬಲಾದ ಎಡಗೈ ಪೆಟ್ಟು, ಢೋಲಿನ ಗುಡುಗು, ಇಂಥ ಕೆಳದನಿಯನ್ನೆಲ್ಲ ಎತ್ತಿ ಹಿಡಿಯುವುದು ಅದರ ಕೆಲಸ. ಅದಕ್ಕೆ ಅದರದೇ ಕರೆಂಟಿನ ವೈರು, ಅದರದೇ ಸ್ವಿಚ್ಚು. ನಮ್ಮ ಮನೆಯಲ್ಲಿ ಅದಕ್ಕೆ ಡಬ್ಬಿ ಅನ್ನುವ ಹೆಸರೇ ನಿಂತಿತು. ಇದನ್ನೆಲ್ಲಿ ಇಡೋಣ ಎಂದು ನಾನು ಗೊಣಗುತ್ತ, ಸದ್ಯಕ್ಕೆಂದು ಹಾಲಿನಲ್ಲಿದ್ದ ಮರದ ಚೌಕಿಯ ಮೇಲೆ ಇಟ್ಟೆ. ಚೌಕಿ ಅಂದರೆ ಇಲ್ಲಿಯವರ ಹಲಗೆಯ ಮಂಚ. ಅದರ ಇನ್ನೊಂದು ತುದಿಯಲ್ಲಿ ಮಗಳು ಕೂತು ಪೇರಲಹಣ್ಣು ತಿನ್ನುತ್ತಿದ್ದಳು. ಹಾಡು ಶುರುವಾದ ಕೂಡಲೇ ಹಣ್ಣು ಬಿಟ್ಟು ಎರಡೂ ಅಂಗೈಗಳನ್ನು ಹಲಗೆಗೆ ಒತ್ತಿದಳು. ಆಮೇಲೆ ಎದ್ದು ಬರಿಗಾಲಲ್ಲಿ ನಿಂತಳು. ಮುಖ ನೋಡಬೇಕಿತ್ತು.

"ಅವ್ವಾ, ಇದು ಹಾಡ ಏನ?" ಎಂದು ಕೇಳಿದಳು.

ನಾನು ಅತ್ತೆ. ಅಳುವುದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ಆ ವರ್ಷವೇ ನಮ್ಮ ಪಾಡಾದ, ಅಂದರೆ ಕೇರಿಯ, ನೃತ್ಯದ ಟೀಚರ ಬಳಿ ಸೇರಿಸಿದೆವು. ಮಕ್ಕಳು ಅವರನ್ನು ದಿದಿಮೋನಿ ಅನ್ನುತ್ತಾರೆ. ಐವತ್ತು ದಾಟಿದ ಹೆಂಗಸು, ಬೆನ್ನು ನೇರ, ಮಾತು ಕಡಿಮೆ, ಕೇಳದ ಮಗುವಿಗೆ ಹೆಂಗೆ ಕಲಿಸಲಿ ಎಂದು ಒಂದು ಸಲವೂ ಕೇಳಲಿಲ್ಲ. ಅವರ ಮನೆಯ ಕೆಳಗಿನ ಕೋಣೆಯಲ್ಲಿ ಹಲಗೆಯ ಅಟ್ಟಣೆ ಹಾಸಿದ್ದಾರೆ. ನಾವು ಪ್ರತಿ ಭಾನುವಾರ ಬೆಳಿಗ್ಗೆ ಡಬ್ಬಿಯನ್ನು ಟೊಟೊದಲ್ಲಿ, ಅಂದರೆ ಬ್ಯಾಟರಿ ರಿಕ್ಷಾದಲ್ಲಿ, ಹೇರಿಕೊಂಡು ಹೋಗಿ ಆ ಅಟ್ಟಣೆಯ ಮೂಲೆಯಲ್ಲಿಟ್ಟು ಅವರ ಸ್ಪೀಕರುಗಳ ಜೊತೆ ಸೇರಿಸುತ್ತಿದ್ದೆವು. ಟೊಟೊದವನು ಮೊದಮೊದಲು ಅದೇನೆಂದು ಕೇಳುತ್ತಿದ್ದ. ನನ್ನ ಗಂಡ ಗಂಭೀರವಾಗಿ, ನನ್ನ ಎರಡನೇ ಮಗಳು ಅನ್ನುತ್ತಿದ್ದರು.

ಮೂರು ವರ್ಷ ಹೀಗೇ ನಡೆಯಿತು. ಹನ್ನೆರಡರ ಮಗಳನ್ನು ದಿದಿಮೋನಿ ಪೂಜೆಯ ಕಾರ್ಯಕ್ರಮಕ್ಕೆ ಮೊದಲ ಸಾಲಿಗೆ ಆರಿಸಿದರು. ನಮ್ಮ ಪಾಡಾದ ದುರ್ಗಾಪೂಜೆಯಲ್ಲಿ ಷಷ್ಠಿಯ ಸಂಜೆ ಮಕ್ಕಳ ನೃತ್ಯ. ಹದಿಮೂರು ಹುಡುಗಿಯರು, ಮುಂದೆ ಮೂವರು, ಆ ಮೂವರಲ್ಲಿ ನಮ್ಮವಳು ನಡುವೆ. ಸುದ್ದಿ ಕೇಳಿದ ದಿನ ಊರಿಗೆಲ್ಲ ಫೋನು ಮಾಡಿದೆ. ಬೇಡವೆಂದರೂ ಕೇಳದೆ ಮಾಡಿದೆ.

ಹದಿನೈದು ದಿನವಾಗಿರಲಿಲ್ಲ, ದಿದಿಮೋನಿ ನನ್ನನ್ನು ಪಕ್ಕಕ್ಕೆ ಕರೆದರು. ಹಿಂದಿಯಲ್ಲಿ ಮೆಲ್ಲಗೆ ಹೇಳಿದರು, ಹುಡುಗಿ ನಡುವೆ ನಿಂತುಬಿಡುತ್ತಿದ್ದಾಳೆ. ಉಳಿದವರು ಕುಣಿಯುತ್ತಿರುತ್ತಾರೆ, ಇವಳು ಕೈ ಇಳಿಬಿಟ್ಟು ನಿಂತಿರುತ್ತಾಳೆ, ನಾಲ್ಕು ಸೆಕೆಂಡು, ಐದು ಸೆಕೆಂಡು, ಆಮೇಲೆ ಮತ್ತೆ ಶುರುಮಾಡುತ್ತಾಳೆ. ಮೊದಲು ಒಂದು ಸಲ ಆಗುತ್ತಿತ್ತು, ಈಗ ಮೂರು ನಾಲ್ಕು ಸಲ. ಇನ್ನು ನಾಲ್ಕು ವಾರ ನೋಡೋಣ, ಸರಿಹೋಗದಿದ್ದರೆ ಪಕ್ಕದಲ್ಲಿ ದೀಪ ಹಿಡಿದು ನಿಲ್ಲಲಿ, ಅದೂ ಚಂದವಾಗಿಯೇ ಕಾಣುತ್ತದೆ ಎಂದರು. ಬೈದು ಹೇಳಿದ್ದರೆ ಜಗಳವಾದರೂ ಮಾಡಬಹುದಿತ್ತು. ಅಷ್ಟು ಪ್ರೀತಿಯಿಂದ ಹೇಳಿದ್ದಕ್ಕೆ ಸರಿ ಎಂದು ಡಬ್ಬಿಯ ವೈರು ಸುತ್ತಿದೆ.

ಮನೆಗೆ ಬಂದು ಮಗಳ ಮುಂದೆ ಕೂತು, ಅವಳಿಗೆ ತುಟಿ ಚೆನ್ನಾಗಿ ಕಾಣುವಂತೆ, ಒಂದೊಂದೇ ಶಬ್ದ ಬಿಡಿಸಿ ಬೈದೆ. ಧ್ಯಾನ ಎಲ್ಲಿರತೈತಿ ನಿಂದು, ಯಾರನ್ನ ನೋಡಕೋತ ನಿಲ್ಲತಿ, ಮುಂದಿನ ಸಾಲು ಅಂದ್ರ ಹುಡುಗಾಟ ಅಂತ ತಿಳದಿಯೇನು. ಎಲ್ಲ ಮುಗಿದ ಮೇಲೆ ಅವಳು, "ಹಾಡ ನಿಂತಿತು, ನಾನೂ ನಿಂತೆ" ಎಂದಳು.

"ಹಾಡ ನಿಂತಿಲ್ಲ. ನಾ ಅಲ್ಲೇ ಇದ್ದೆ. ನನ್ನ ಕಿವೀಲೆ ಕೇಳೀನಿ."

"ನಿಂತಿತು. ಡಬ್ಬಿ ಸತ್ತಿತು, ಮತ್ತ ಬಂತು."

ಇಲ್ಲಿ ನನ್ನ ಕೆಲಸದ ಬಗ್ಗೆ ಹೇಳಲೇಬೇಕು. ನಾನು ಟೆಲಿಫೋನ್ ಕಚೇರಿಯೊಂದರ ದೂರು ವಿಭಾಗದಲ್ಲಿದ್ದೇನೆ. ಲೈನು ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ ಎಂದು ಜನ ದೂರು ಕೊಡುತ್ತಾರೆ. ನಾವು ಈ ಕಡೆಯಿಂದ ಪರೀಕ್ಷೆ ಮಾಡುತ್ತೇವೆ. ನಾವು ಪರೀಕ್ಷೆ ಮಾಡುವ ಗಳಿಗೆಯಲ್ಲಿ ಲೈನು ಚೆನ್ನಾಗಿದ್ದರೆ ಷರಾ ಕಾಲಮ್ಮಿನಲ್ಲಿ 'ಟೆಸ್ಟೆಡ್ ಓಕೆ' ಎಂದು ಬರೆದು ದೂರು ಮುಚ್ಚುತ್ತೇವೆ. ಅದೇ ಮನುಷ್ಯ ಮರುದಿನ ಮತ್ತೆ ಫೋನು ಮಾಡಿ ಕೂಗಾಡುತ್ತಾನೆ. ಎಷ್ಟೋ ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ, ರಾತ್ರಿ ನಿದ್ದೆಯೇನೂ ಕೆಟ್ಟಿಲ್ಲ.

ಮಗಳ ದೂರಿಗೂ ಅದನ್ನೇ ಮಾಡಿದೆ. ಡಬ್ಬಿಯನ್ನು ಚೌಕಿಯ ಮೇಲಿಟ್ಟು, ಹತ್ತು ನಿಮಿಷ ಹಾಡು ಹಾಕಿ, ಪಕ್ಕದಲ್ಲಿ ಕಿವಿಗೊಟ್ಟು ನಿಂತೆ. ಏನೂ ಆಗಲಿಲ್ಲ. ಹಿಂದುಗಡೆಯ ಹಸಿರು ದೀಪ ಉರಿಯುತ್ತಲೇ ಇತ್ತು. ನೋಡಿದಿಯಾ ಎಂಬಂತೆ ಅವಳ ಕಡೆ ತಿರುಗಿದೆ. ಅವಳು ಚೌಕಿಯಿಂದ ಇಳಿದು ಒಳಗೆ ಹೋದಳು. ಮಕ್ಕಳು ಸುಳ್ಳು ಹೇಳುವುದು ಹೊಸದೇನಲ್ಲ, ಆದರೆ ನನ್ನ ಮನಸ್ಸಿನಲ್ಲಿದ್ದದ್ದು ಅದಕ್ಕಿಂತ ಕೆಟ್ಟ ಅನುಮಾನ. ಈ ಮಗುವಿನಿಂದ ಇದು ಆಗದ ಕೆಲಸವೇನೋ, ನಮ್ಮ ಆಸೆಗೆ ಅವಳನ್ನು ಎಳೆದಾಡುತ್ತಿದ್ದೇವೇನೋ ಎಂದು. ಗಂಡನಿಗೂ ಅದನ್ನು ಹೇಳಲಿಲ್ಲ.

ಮುಂದಿನ ಭಾನುವಾರವೂ ನಿಂತಳು. ಅದರ ಮುಂದಿನ ಭಾನುವಾರ ಮನೆಗೆ ಬಂದವಳೇ ದಿದಿಮೋನಿ ಕೊಟ್ಟಿದ್ದ ಹಾಡಿನ ಹಾಳೆಯನ್ನು ನನ್ನ ಮುಂದೆ ಒಗೆದಳು. ಹಾಡಿನ ಸಾಲುಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದ್ದಳು. "ಇಲ್ಲಿ ಸತ್ತಿತು. ಇಲ್ಲಿ ಸತ್ತಿತು. ಇಲ್ಲೂ ಸತ್ತಿತು," ಎಂದು ಒಂದೊಂದನ್ನೇ ಬೆರಳಿಟ್ಟು ತೋರಿಸಿದಳು. ಎರಡು ವಾರಗಳ ಗುರುತು ಬೇರೆಬೇರೆಯಾಗಿ ಇತ್ತು, ಒಂದು ವಾರದ್ದು ಕಾಟು, ಇನ್ನೊಂದರದು ಸೊನ್ನೆ. ಎಷ್ಟನೇ ಸಲದ ಹಾಡಿನಲ್ಲಿ ಎಂದೂ ಪಕ್ಕದಲ್ಲಿ ಬರೆದಿದ್ದಳು.

ಸಿಟ್ಟಿನಲ್ಲೇ ಹಾಳೆ ಎತ್ತಿಕೊಂಡೆ. ಎರಡು ನಿಮಿಷ ನೋಡಿದ ಮೇಲೆ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹೆಜ್ಜೆ ಬರದ ಮಗು ತಪ್ಪುವುದು ಕಷ್ಟದ ಜಾಗದಲ್ಲಿ, ಪ್ರತಿಸಲ ಅದೇ ಜಾಗದಲ್ಲಿ. ಇಲ್ಲಿ ಗುರುತುಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಸುಮ್ಮನೆ ನಿಂತು ಕೈ ಬೀಸುವ ಸುಲಭದ ಸಾಲಿನಲ್ಲೂ ಇದ್ದವು. ಮೊದಲ ಸಲದ ಹಾಡಿನಲ್ಲಿ ಒಂದೂ ಗುರುತಿಲ್ಲ, ಎರಡನೆಯದರಲ್ಲೂ ಇಲ್ಲ, ಮೂರರಿಂದ ಶುರುವಾಗಿ ಆಮೇಲೆ ಹೆಚ್ಚುತ್ತ ಹೋಗಿದ್ದವು. ಬಿಸಿಯಾದ ಮೇಲೆ ಕೈಕೊಡುವ ಲೈನುಗಳ ಹಣೆಬರಹ ನನಗೆ ಚೆನ್ನಾಗಿ ಗೊತ್ತು. ಮಧ್ಯಾಹ್ನ ಹೋಗಿ ಸಂಜೆ ತಣ್ಣಗಾದ ಮೇಲೆ ಬರುತ್ತವೆ. ನಾನು ಹತ್ತೇ ನಿಮಿಷ ಪರೀಕ್ಷೆ ಮಾಡಿದ್ದೆ.

ಇನ್ನೊಂದೂ ಹೊಳೆಯಿತು. ಡಬ್ಬಿಗೆ ಅದರದೇ ಕರೆಂಟು. ಅದೊಂದು ನಿಂತರೆ ಪುಟ್ಟ ಸ್ಪೀಕರುಗಳು ಹಾಡುತ್ತಲೇ ಇರುತ್ತವೆ. ದಿದಿಮೋನಿಯ ಕೋಣೆಯಲ್ಲಿ ಮೂರು ಫ್ಯಾನು ತಿರುಗುತ್ತವೆ, ಹದಿಮೂರು ಜೊತೆ ಗೆಜ್ಜೆ ಕುಣಿಯುತ್ತವೆ, ಹೊರಗೆ ರಸ್ತೆ. ಆ ಗದ್ದಲದಲ್ಲಿ ಕೆಳದನಿ ಹೋಯಿತೇ ಉಳಿಯಿತೇ ಎಂದು ಕಿವಿಯಿದ್ದವರಿಗೆ ಯಾರಿಗೆ ಗೊತ್ತಾಗಬೇಕು. ಅವಳಿಗೆ ಅದು ಹೋದರೆ ಹಾಡೇ ಹೋಯಿತು. ಹಾಡು ನಿಂತಾಗ ಕುಣಿಯುವವಳು ನಿಲ್ಲಬೇಕು, ಅವಳು ನಿಂತಿದ್ದಳು.

ಅದನ್ನು ಅವಳಿಗೆ ಆಗಲೇ ಹೇಳಿ ತಪ್ಪೊಪ್ಪಿಕೊಳ್ಳಬೇಕಿತ್ತು. ಮಾಡಲಿಲ್ಲ. ಮೊದಲು ಖಾತ್ರಿ ಮಾಡಿಕೊಳ್ಳೋಣ ಎಂದುಕೊಂಡೆ. ಕಚೇರಿಯ ಚಾಳಿ.

ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡುವ ಹಿರಿಯ ಮಿಸ್ತ್ರಿಯೊಬ್ಬರಿದ್ದಾರೆ. ಒಬ್ಬರು ಕೂತರೆ ತುಂಬುವ ಅಂಗಡಿ, ಗಿರಾಕಿ ಹೊರಗಿನ ಬೆಂಚಿನಲ್ಲಿ ಕೂರಬೇಕು. ನಾನೊಬ್ಬಳೇ ಡಬ್ಬಿ ಒಯ್ದುಕೊಟ್ಟೆ. ಎರಡು ದಿನ ಇಟ್ಟುಕೊಂಡು, ಮೀಟರು ಹಚ್ಚಿ ನೋಡಿ, "ಠಿಕ್ ಆಛೆ, ಬೌದಿ," ಎಂದು ಹೇಳಿದರು. ಎಲ್ಲ ಸರಿಯಾಗಿದೆ, ಅತ್ತಿಗೆಮ್ಮ. ಆ ದನಿ ನನಗೆ ಗುರುತಿನದು, ನನ್ನದೇ ದನಿ. ಹಾಡು ಸಣ್ಣಗಿದ್ದರೆ ಡಬ್ಬಿ ತಾನಾಗಿ ಮಲಗುವ ಏರ್ಪಾಡೊಂದು ಹಿಂದುಗಡೆ ಇರುತ್ತದೆ, ಅದರಿಂದ ಹಾಗಾಗಿರಬೇಕು ಎಂದು ಆ ಗುಂಡಿಯನ್ನು ಸದಾ ಎಚ್ಚರದ ಕಡೆಗೆ ಸರಿಸಿ ವಾಪಸು ಕೊಟ್ಟರು. ಭಾನುವಾರ ಮಗಳು ಮತ್ತೆ ನಿಂತಳು. ದಿದಿಮೋನಿ ಒಂದು ಹಿತ್ತಾಳೆಯ ದೀಪ ತಂದು ಕಿಟಕಿಯಲ್ಲಿ ಇಟ್ಟಿದ್ದರು. ಇನ್ನು ಒಂದೇ ವಾರ ಉಳಿದಿತ್ತು.

ಶನಿವಾರ ಮಧ್ಯಾಹ್ನ ಡಬ್ಬಿಯ ಜೊತೆ ಮಗಳನ್ನೂ ಕರೆದುಕೊಂಡು ಹೋದೆ. ಮಿಸ್ತ್ರಿಗೆ ಜಗಳದ ದನಿಯಲ್ಲೇ ಹೇಳಿದೆ, ದಾದಾ, ನಿಮಗೂ ಕೇಳುವುದಿಲ್ಲ, ನನಗೂ ಕೇಳುವುದಿಲ್ಲ, ಇವಳಿಗೆ ಗೊತ್ತಾಗುತ್ತದೆ, ಇವಳನ್ನು ಕೂರಿಸಿಕೊಂಡು ನೋಡಿ. ಅವರು ಅವಳ ಕಿವಿಯ ಮಿಷನ್ನು ನೋಡಿದರು, ನನ್ನನ್ನು ನೋಡಿದರು, ತಾವು ಕೂತಿದ್ದ ಸ್ಟೂಲು ಬಿಟ್ಟು ಎದ್ದರು. "ಏಸೋ ಮಾಮೊನಿ," ಬಾ ತಾಯಿ, ಎಂದು ಅವಳನ್ನು ಅಲ್ಲಿ ಕೂರಿಸಿದರು.

ಡಬ್ಬಿಯ ಬೆನ್ನು ಬಿಚ್ಚಿ, ಒಳಗಿನ ಕರೆಂಟಿನ ಬೋರ್ಡನ್ನು ಹೊರಗೆಳೆದು ವೈರಿನ ಸಮೇತ ಮೇಜಿನ ಮೇಲಿಟ್ಟರು. ಬೋರ್ಡಿನ ಹತ್ತಿರ ಕೈ ತರಬೇಡ, ಮರದ ಮೇಲೆ ಮಾತ್ರ ಅಂಗೈ ಇಡು, ಸತ್ತ ಕೂಡಲೇ ಇನ್ನೊಂದು ಕೈಯ ಬೆರಳೆತ್ತು ಎಂದು ಅಭಿನಯ ಮಾಡಿ ತೋರಿಸಿದರು. ತಮ್ಮ ಅಂಗಡಿಯ ಸ್ಪೀಕರನ್ನೂ ಡಬ್ಬಿಯನ್ನೂ ಜೋಡಿಸಿ ಹಾಡು ಹಾಕಿದರು. ಅರ್ಧ ಗಂಟೆ ಏನೂ ಇಲ್ಲ. ಗಲ್ಲಿಯಲ್ಲಿ ಮೀನಿನ ಗಾಡಿ ಬಂತು, ಯಾರೋ ಬ್ಯಾಟರಿ ಕೇಳಿಕೊಂಡು ಬಂದರು. ನನಗೆ ಬೆಂಚಿನಲ್ಲಿ ಮುಳ್ಳಿನ ಮೇಲೆ ಕೂತಂತಾಗಿತ್ತು. ಯಾವತ್ತೂ ಯಾವ ಸಾಮಾನೂ ಕೆಟ್ಟುಹೋಗಲಿ ಎಂದು ನಾನು ದೇವರನ್ನು ಬೇಡಿಕೊಂಡವಳಲ್ಲ, ಅಂದು ಬೇಡಿಕೊಂಡೆ.

ಮಗಳ ಬೆರಳು ಮೇಲೆದ್ದಿತು.

ನನ್ನ ಕಿವಿಗೆ ಹಾಡು ಹಾಗೆಯೇ ಇತ್ತು. ಮಿಸ್ತ್ರಿ ಅವಸರದಿಂದ ಮೀಟರಿನ ಕಡ್ಡಿಗಳನ್ನು ಹಚ್ಚುವಷ್ಟರಲ್ಲಿ ಬೆರಳು ಇಳಿದಿತ್ತು, ಮೀಟರು ಸರಿಯಾಗಿಯೇ ತೋರಿಸಿತು. ಅವರು ನಾಲಿಗೆ ಕಚ್ಚಿಕೊಂಡರು. ಅಂಕಿ ತೋರಿಸುವ ಆ ಹೊಸ ಮೀಟರನ್ನು ಪಕ್ಕಕ್ಕಿಟ್ಟು, ಮುಳ್ಳಿರುವ ಹಳೆಯ ಮೀಟರೊಂದನ್ನು ತೆಗೆದು, ಕಡ್ಡಿಗಳು ಕದಲದಂತೆ ಬೋರ್ಡಿಗೆ ಕ್ಲಿಪ್ಪು ಹಾಕಿ ಕಚ್ಚಿಸಿದರು. ಆಮೇಲೆ ಕೈಕಟ್ಟಿ ಕಾದರು. ಮತ್ತೆ ಬೆರಳೆದ್ದಿತು, ಅದೇ ಗಳಿಗೆಗೆ ಮುಳ್ಳು ದಪ್ಪನೆ ಕೆಳಗೆ ಬಿತ್ತು. ಬೆರಳು ಇಳಿಯಿತು, ಮುಳ್ಳು ಏರಿತು. ಹೀಗೆ ಮೂರು ಸಲ. ಮಗಳು ಮೀಟರಿನ ಕಡೆ ನೋಡುತ್ತಲೂ ಇರಲಿಲ್ಲ. ಗಲ್ಲಿಯ ಆಚೆ ಬೆಕ್ಕೊಂದನ್ನು ನೋಡುತ್ತಿದ್ದಳು.

ಮಿಸ್ತ್ರಿ ಒಂದು ಒಣ ಬಿದಿರು ಕಡ್ಡಿ ತಗೊಂಡು ಬೋರ್ಡಿನ ಒಂದೊಂದೇ ಭಾಗವನ್ನು ಮೆಲ್ಲಗೆ ಒತ್ತತೊಡಗಿದರು. ಈಗ ಅವರು ಮೀಟರನ್ನೂ ನೋಡದೆ ಅವಳ ಬೆರಳನ್ನೇ ನೋಡುತ್ತಿದ್ದರು. ದಪ್ಪನೆಯ ಟ್ರಾನ್ಸ್‌ಫಾರ್ಮರಿನ ಒಂದು ಕಾಲಿನ, ಅಂದರೆ ಅದನ್ನು ಬೋರ್ಡಿಗೆ ಕೂಡಿಸುವ ತಂತಿಯ, ಹತ್ತಿರ ಕಡ್ಡಿ ಬಂದಾಗ ಬೆರಳೆದ್ದಿತು. ಕಡ್ಡಿ ತೆಗೆದರೆ ಇಳಿಯಿತು. ಒತ್ತಿದರೆ ಎದ್ದಿತು. ಅವರು ಕರೆಂಟು ತೆಗೆದು, ಬೋರ್ಡು ಮಗುಚಿ, ಭೂತಗನ್ನಡಿ ಹಿಡಿದು ನೋಡಿ, ದೊಡ್ಡದಾಗಿ ಉಸಿರು ಬಿಟ್ಟು ನನ್ನ ಕಡೆ ತಿರುಗಿ ಹೇಳಿದರು, "ರಾಂಗ್ ಝಾಲ್, ಬೌದಿ."

ನನ್ನ ಬಂಗಾಳಿಯ ಬಗ್ಗೆ ಹೇಳುವಂಥದ್ದು ಏನಿಲ್ಲ. ಎಲ್ಲವೂ ಚುರುಮುರಿ ಗಾಡಿ, ಪಾನಿಪೂರಿಯಂಥ ಫುಚ್ಕಾದ ಗಾಡಿಗಳ ಮುಂದೆ ಕಲಿತದ್ದು. ಝಾಲ್ ಅಂದರೆ ನನಗೆ ಗೊತ್ತಿದ್ದ ಅರ್ಥ ಒಂದೇ, ಖಾರ. ಮಗಳಿಗೆ ಝಾಲ್ ಕಮ್ಮಿ ಹಾಕಿ ಎಂದು ವಾರಕ್ಕೆರಡು ಸಲ ಹೇಳುತ್ತಿರುತ್ತೇನೆ. ರಾಂಗ್ ಅಂದರೆ ರಾಂಗೇ, ತಪ್ಪು. ನನ್ನ ಜಗಳಗಂಟಿ ದನಿಯನ್ನು ಈ ಮನುಷ್ಯ ಇಷ್ಟು ಹೊತ್ತು ಸಹಿಸಿಕೊಂಡು ಈಗ, ನಿಮ್ಮ ಖಾರವೇ ತಪ್ಪು ಅಂತ ಮುಖಕ್ಕೆ ಹೇಳುತ್ತಿದ್ದಾನೆ ಎಂದು ತಿಳಿದೆ. ಇಲ್ಲವೇ ಮಗಳನ್ನು ತಪ್ಪು ಅನ್ನುತ್ತಿದ್ದಾನೆ. ಎರಡು ವಾರದಿಂದ ತಪ್ಪು ಯಾರದು ಎಂಬುದೊಂದೇ ತಲೆಯಲ್ಲಿ ತಿರುಗುತ್ತಿದ್ದವಳಿಗೆ ಆ ಶಬ್ದ ಸಾಕಿತ್ತು. ಎದ್ದು ನಿಂತು, ಇಡೀ ಗಲ್ಲಿಗೆ ಕೇಳುವಂತೆ, ಹಿಂದಿ ಕನ್ನಡ ಎರಡೂ ಸೇರಿಸಿ ಶುರುಮಾಡಿದೆ. ರಾಂಗ್ ಯಾರು? ನನ್ನ ಮಗಳು ರಾಂಗ್ ಅಲ್ಲ! ಅವಳು ಎಂದೂ ರಾಂಗ್ ಆಗಿರಲಿಲ್ಲ! ರಾಂಗ್ ಆಗಿದ್ದು ನಾನು! ನನಗೆ ಬೇಕಾದರೆ ಹೇಳಿ!

ಮಿಸ್ತ್ರಿ ಕಂಗಾಲಾಗಿ ಎರಡೂ ಕೈ ಎತ್ತಿದರು. ಆಮೇಲೆ ಮೇಜಿನ ಮೇಲಿದ್ದ ಬೆಸುಗೆಯ ತಂತಿಯ ಸುರುಳಿಯನ್ನು ಎತ್ತಿ ತೋರಿಸಿದರು. ಇದು ರಾಂಗ್, ಅಂದರೆ ತವರ. ಬೆಸುಗೆಗೆ ಝಾಲ್ ಅನ್ನುತ್ತೇವೆ. ಕಾಲಿನ ಬುಡದ ಬೆಸುಗೆ ಬಿರುಕು ಬಿಟ್ಟಿದೆ, ನೋಡಿ. ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಬೂದು ಬಣ್ಣದ ತವರದ ಗುಪ್ಪೆ, ಅದರ ನಡುವೆ ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕರಿಯ ಉಂಗುರ. ಡಬ್ಬಿ ಗುಡುಗಿ ಗುಡುಗಿ ತನ್ನ ಬೆಸುಗೆಯನ್ನು ತಾನೇ ಸಡಿಲ ಮಾಡಿಕೊಂಡಿತ್ತು. ತಣ್ಣಗಿದ್ದಾಗ ತಾಗಿಕೊಂಡಿರುತ್ತದೆ, ಬಿಸಿಯಾಗಿ ಹಿಗ್ಗಿದಾಗ ಬಿಡುತ್ತದೆ, ಮತ್ತೆ ಕೂಡುತ್ತದೆ. ಕರೆಂಟು ಆ ಉಂಗುರ ದಾಟಲಾರದೆ ನಿಲ್ಲುತ್ತಿತ್ತು.

ಮಿಸ್ತ್ರಿ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಬ್ಯಾಟರಿ ಕೊಳ್ಳಲು ಬಂದು ಇನ್ನೂ ಅಲ್ಲೇ ನಿಂತಿದ್ದವನನ್ನು ಕರೆದು ಹೇಳಿದರು, ಅವನೂ ನಕ್ಕ. ಮಗಳು ನನ್ನ ತೋಳು ಎಳೆದು ಏನಾತು, ಏನಾತು ಎಂದಳು. ನಾನು ಕೂತು, ಅವಳ ಎದುರಿಗೆ ಮುಖ ಹಿಡಿದು, "ಡಬ್ಬೀದ ತಪ್ಪು. ನಿಂದಲ್ಲ. ನಾ ನಿನ್ನ ಬೈದಿದ್ದು ತಪ್ಪಾತು," ಎಂದೆ. ಅವಳು ಅಷ್ಟೇನಾ ಎಂಬಂತೆ ನೋಡಿ, ಬೆಕ್ಕಿನ ಕಡೆ ತಿರುಗಿದಳು. ಗೊತ್ತಿದ್ದ ವಿಷಯವನ್ನು ದೊಡ್ಡವರು ತಡವಾಗಿ ಹೇಳಿದರೆ ಮಕ್ಕಳು ಹಾಗೆಯೇ ನೋಡುತ್ತಾರೆ.

ಹಳೆಯ ತವರವನ್ನು ಪೂರ್ತಿ ಹೀರಿ ತೆಗೆದು, ಕಾಲನ್ನು ಕೆರೆದು, ಹೊಸದಾಗಿ ಬೆಸುಗೆ ಹಾಕಿ, ಪಕ್ಕದ ಮೂರು ಕಾಲುಗಳಿಗೂ ಹಾಕಿ, ಒಂದು ಗಂಟೆ ಓಡಿಸಿದರು. ಬೆರಳು ಏಳಲಿಲ್ಲ. ಹೊರಡುವಾಗ ಮಿಸ್ತ್ರಿ ಅವಳ ತಲೆ ಸವರಿ, ಇಂಥ ಮೀಟರು ನನ್ನ ಹತ್ತಿರವಿಲ್ಲ ಎಂದರು.

ಭಾನುವಾರ ಬೆಳಿಗ್ಗೆ ದಿದಿಮೋನಿಗೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಹಿಂದಿ ಕೈಕೊಟ್ಟಿತು. ಅವರು ಪೂರ್ತಿ ಕೇಳಿಸಿಕೊಂಡು, ಒಳ್ಳೆಯದಾಯಿತು ಎಂದರು. ನಂಬಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಮಗಳ ಮೇಲಿನ ಮೋಹಕ್ಕೆ ತಾಯಿ ಡಬ್ಬಿಯ ಮೇಲೆ ತಪ್ಪು ಹಾಕುತ್ತಿದ್ದಾಳೆ ಎಂದುಕೊಂಡಿದ್ದರೂ ಆಶ್ಚರ್ಯವಿಲ್ಲ. ದೀಪ ಕಿಟಕಿಯಲ್ಲೇ ಇತ್ತು.

ಮೊದಲ ಸುತ್ತು ಆಯಿತು, ಎರಡನೆಯದು ಆಯಿತು. ಮೂರನೆಯದರಲ್ಲಿ ನಾನು ಅವಳ ಪಾದವನ್ನೇ ನೋಡುತ್ತ ನಿಂತಿದ್ದೆ. ಮುಗಿಯಿತು, ನಿಲ್ಲಲಿಲ್ಲ. ನಾಲ್ಕನೆಯದೂ ಮುಗಿಯಿತು. ಐದನೆಯ ಸುತ್ತಿಗೆ ನಾನು ಗೆದ್ದೆ ಎಂದೇ ಅಂದುಕೊಂಡು ಗೋಡೆಗೆ ಒರಗಿದೆ. ಹಾಡಿನ ನಡುವೆ, ಅತ್ಯಂತ ಸುಲಭದ ಸಾಲಿನಲ್ಲಿ, ಮಗಳು ಕೈ ಇಳಿಬಿಟ್ಟು ನಿಂತಳು.

ಹಾಡು ಸರಿಯಾಗಿ ಕೇಳುತ್ತಿತ್ತು. ಉಳಿದ ಹನ್ನೆರಡು ಹುಡುಗಿಯರು ಕುಣಿಯುತ್ತಿದ್ದರು. ಬೆಸುಗೆ ಹೊಸದು, ಒಂದು ಗಂಟೆ ಓಡಿಸಿ ನೋಡಿದ್ದೆವು. ಇಷ್ಟೆಲ್ಲ ಆದ ಮೇಲೂ ನನ್ನ ತಲೆಗೆ ಮೊದಲು ಬಂದ ಮಾತು, ಅಯ್ಯೋ, ಇವಳೇ ತಪ್ಪಿದಳು. ಹಲ್ಲು ಕಚ್ಚಿ ಅವಳ ಮುಖ ನೋಡಿದೆ. ಅವಳು ನನ್ನನ್ನು ಒಮ್ಮೆ ನೋಡಿ, ಕಣ್ಣು ಸರಿಸಿ, ಕೋಣೆಯ ಇನ್ನೊಂದು ಗೋಡೆಯ ಕಡೆ ದಿಟ್ಟಿಸಿದಳು. ನಾನೂ ಅತ್ತ ತಿರುಗಿದೆ. ಸ್ವಿಚ್ಚಿನ ಬೋರ್ಡಿಗೆ ಬೆನ್ನು ಕೊಟ್ಟು, ಒಂದು ಕೈ ಹಿಂದೆ ಮಾಡಿಕೊಂಡು, ದಿದಿಮೋನಿ ನಿಂತಿದ್ದರು. ಡಬ್ಬಿಯ ಸ್ವಿಚ್ಚನ್ನು ಅವರೇ ಆರಿಸಿದ್ದರು.

ಆ ಕೋಣೆಯಲ್ಲಿದ್ದ ಯಾರಿಗೂ ಅದು ಕೇಳಿಸಿರಲಿಲ್ಲ. ಹುಡುಗಿಯರಿಗೆ ಇಲ್ಲ, ಬಾಗಿಲಲ್ಲಿ ಕೂತಿದ್ದ ಇನ್ನಿಬ್ಬರು ತಾಯಂದಿರಿಗೆ ಇಲ್ಲ, ಅದಕ್ಕೆಂದೇ ಕಿವಿ ನೆಟ್ಟು ಬಂದಿದ್ದ ನನಗೂ ಇಲ್ಲ. ದಿದಿಮೋನಿ ಮತ್ತೆ ಸ್ವಿಚ್ಚು ಹಾಕಿದರು. ಮಗಳ ಪಾದ ಒಂದು ಗಳಿಗೆ ಕಾಯಿತು, ಮುಂದಿನ ಪೆಟ್ಟಿಗೆ ಸರಿಯಾಗಿ ನೆಲ ಮುಟ್ಟಿತು, ಅವಳು ಉಳಿದವರ ಜೊತೆ ಸೇರಿಕೊಂಡಳು. ದಿದಿಮೋನಿ ಇನ್ನೊಮ್ಮೆ ಆರಿಸಿದರು. ಅವಳು ನಿಂತಳು, ಈ ಸಲ ನಗುತ್ತ ನಿಂತಳು.

ಹಾಡು ಮುಗಿದ ಮೇಲೆ ದಿದಿಮೋನಿ ಅವಳ ಮುಂದೆ ಮೊಣಕಾಲೂರಿ ಕೂತರು. ಬೆನ್ನು ಬಗ್ಗಿಸದ ಆ ಹೆಂಗಸು ಹಾಗೆ ಕೂತದ್ದನ್ನು ನಾನು ಮೊದಲ ಸಲ ನೋಡಿದೆ. ತುಟಿ ಕಾಣುವಂತೆ, ನಿಧಾನವಾಗಿ, ಎಲ್ಲ ಹುಡುಗಿಯರ ಎದುರಿಗೆ, "ಆಮಾರ್ ಭುಲ್," ಎಂದರು. ನನ್ನ ತಪ್ಪು. ಇಷ್ಟು ದಿನ ನೀನೊಬ್ಬಳೇ ಸರಿಯಾಗಿ ಕುಣಿಯುತ್ತಿದ್ದೆ ಎಂದೂ ಕೈಸನ್ನೆ ಸೇರಿಸಿ ಹೇಳಿದರು. ಕಿಟಕಿಯಲ್ಲಿದ್ದ ದೀಪವನ್ನು ಒಳಗೆ ಕಳಿಸಿದರು. ಷಷ್ಠಿಗೆ ಅವಳು ಮೊದಲ ಸಾಲಿನ ನಡುವೆಯೇ ಇರುತ್ತಾಳೆ, ವೇದಿಕೆಗೂ ಹಲಗೆ ಹಾಸಿಸುತ್ತೇನೆ, ಡಬ್ಬಿ ಅವಳ ಕಾಲ ಹತ್ತಿರ ಇಡಿಸುತ್ತೇನೆ ಎಂದು ನನಗೆ ಹೇಳಿದರು. ನನ್ನ ಗಂಡ ಕಣ್ಣೊರೆಸಿಕೊಳ್ಳುತ್ತ ವೈರು ಸುತ್ತಿದರು.

ಟೊಟೊದಲ್ಲಿ ನನ್ನವರು ಮುಂದೆ ಕೂತರು, ನಾವಿಬ್ಬರು ಹಿಂದೆ, ಕಾಲ ಬಳಿ ಡಬ್ಬಿ. ಮಗಳು ಕಿವಿಯ ಮಿಷನ್ನು ಹಾಕಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, "ಅವ್ವಾ, ನಾ ನಿಂತಾಗ ನೀ ನನ್ನ ಮಾರಿ ನೋಡಿದಿ" ಎಂದಳು.

"ನೋಡಿದೆ."

"ಸಿಟ್ಟಿಲೆ ನೋಡಿದಿ."

ತುಟಿ ಓದುವವರ ಮುಂದೆ ಮುಖ ಮುಚ್ಚಿಡುವುದು ಆಗದ ಮಾತು. ಹೌದು ಎಂದೆ. ಬಹಳ ನಾಚಿಕೆಯಾಯಿತು. ಅವಳು ಸಿಟ್ಟು ಮಾಡಲಿಲ್ಲ, ನನ್ನ ಮಂಡಿಯ ಮೇಲೆ ಕೈಯಿಟ್ಟು, ಪುಟ್ಟ ಮಗುವಿಗೆ ತಿಳಿಸಿ ಹೇಳುವವಳ ಹಾಗೆ ಹೇಳಿದಳು.

"ಇನ್ನೊಮ್ಮೆ ನಾ ನಿಂತ್ರ, ಮೊದ್ಲ ಡಬ್ಬಿ ನೋಡು. ಆಮ್ಯಾಲ ನನ್ನ ಮಾರಿ ನೋಡು."

ನಾನು ಅವಳ ಕಡೆ ತಿರುಗಿ ಕೂತು, "ಆತವ್ವಾ" ಎಂದೆ. ಟೊಟೊ ಕುಲುಕಿ ಸರಿಯಾಗಿ ಕಾಣಲಿಲ್ಲವಂತೆ, ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ.